ಬಿಸಿಲಿಗೆ ಕಚ್ಚುವ ಟಾರು

ದೇವರಾಯಸಮುದ್ರ,
ಮುಳಬಾಗಿಲು ತಾಲ್ಲೂಕು,
೨೯ನೇ ಮೇ ೧೯೪೩

ಚಿರಂಜೀವಿ ಮುನಿಶಾಮಿಗೆ, ನಿನ್ನ ಸೋದರಮಾವನ ಆಶೀರ್ವಾದಗಳು.

ಮೊಟ್ಟಮೊದಲು, ಡಂಗುರ ಹೊಡೆಸಿ ಲೋಕಕ್ಕೆ ಸಾರಬೇಕಾದ ಮಹಾವಾರ್ತೆ ಒಂದಿದೆ. ನಮ್ಮ ಸ್ಕೂಲಿನ ಕುಂಟು ಬೆಂಚಿಗೆ ನಾಲ್ಕನೆಯ ಕಾಲು ಬಂದಿತು! ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಮುರಿದ ಕಾಲು, ನೀನು ಪಲ್ಟನ್ನು ಸೇರಿ ವರ್ಷ ಕಳೆದ ಮೇಲೆ ಮಂಜೂರಾಗಿದೆ. ಅದರ ಮೇಲೆ ಪ್ರಪ್ರಥಮವಾಗಿ ಆಸೀನನಾಗುವ ಗೌರವ ಮೇಷ್ಟರಾದ ನನಗೇ ಸಂದಿತು. ಬೆಂಚು ತಡೆಯಿತು. ನನ್ನ ಪಂಚೆ ಮಾತ್ರ ಮೊಳೆಗೆ ಸಿಕ್ಕಿ ಹರಿಯಿತು.

ನಿನ್ನ ಮೈ ಹೇಗಿದೆ? ಬ್ರೆಡ್ಡೆಂಬ ಆ ಹಳಸಲು ಪದಾರ್ಥವನ್ನು ತಿಂದು ನಾಲಿಗೆ ಮುದ್ದೆಯನ್ನು ಮರೆತಿಲ್ಲ ತಾನೆ? ಜ್ವರಗಿರ ಬಂದರೆ ಮುಚ್ಚಿಡಬೇಡ, ಡಾಕ್ಟರಿಗೆ ತೋರಿಸು. ನಿನಗಿಂತ ಮೊದಲು ಈ ಕಾಗದವನ್ನು ಓದುವ ಸೆನ್ಸಾರ್ ಸಾಹೇಬರಿಗೂ ನನ್ನ ನಮಸ್ಕಾರ. ಸ್ವಾಮಿ, ಇದರಲ್ಲಿ ಯುದ್ಧದ ಗುಟ್ಟೇನೂ ಇಲ್ಲ, ಒಬ್ಬ ಹೆಂಗಸಿನ ಹಟ ಮಾತ್ರ ಇದೆ.

ಆ ಹೆಂಗಸು ನಿನ್ನ ತಾಯಿ, ನನ್ನ ಅಕ್ಕ, ಮುನಿಶಾಮಮ್ಮ. ಮಿಲಿಟರಿ ಲಾರಿಗಳು ಓಡಾಡುವುದಕ್ಕೆಂದು ನಮ್ಮ ಮದ್ರಾಸು ರಸ್ತೆಗೆ ಟಾರು ಹಾಕುತ್ತಿದ್ದಾರೆ. ಈ ಟಾರು ಕಲ್ಲಿದ್ದಲಿನಿಂದ ಇಳಿಸಿದ ಕರಿಯ ಪಾಯಸ. ಪೀಪಾಯಿಗಟ್ಟಲೆ ಬರುತ್ತದೆ, ಕೆಳಗೆ ಬೆಂಕಿ ಹಾಕಿ ಕಾಯಿಸಿ ಜಲ್ಲಿಯ ಮೇಲೆ ಸುರಿಯುತ್ತಾರೆ. ಮನೆಯಲ್ಲಿ ರಾಗಿ ಇದೆ, ಹಸು ಇದೆ, ಕೂಲಿಗೆ ಹೋಗುವ ಗ್ರಹಚಾರ ನಿಮ್ಮಮ್ಮನಿಗಿಲ್ಲ. ಆದರೂ ಸೆರಗು ಕಟ್ಟಿಕೊಂಡು ಹೋಗಿ ಟಾರು ಪೀಪಾಯಿಯ ಮುಂದೆ ಸೌಟು ಹಿಡಿದು ನಿಂತಳು. ಯಾಕೆ ಎಂದು ಕೇಳಿದ್ದಕ್ಕೆ, "ಲೇ ಸೀನ, ಮನೇಲಿ ಕೂತ್ರೆ ಗೋಡೆ ಕಾಣ್ತದೆ. ರೋಡಲ್ಲಿ ನಿಂತ್ರೆ ಲಾರಿ ತುಂಬ ಸಿಪಾಯಿಗಳು ಕಾಣ್ತಾರೆ. ಯಾವುದ್ರಲ್ಲಾದ್ರೂ ನನ್ನ ಮಗ ಇರಬಾರ್ದಾ?" ಎಂದಳು. ನೀನಿರುವುದು ಸಮುದ್ರದಾಚೆ ಎಂದು ಭೂಪಟ ಬಿಡಿಸಿ ತೋರಿಸಿದೆ. "ನಿನ್ನ ಭೂಪಟದಾಗೆ ನಮ್ಮ ಊರೇ ಇಲ್ಲ, ಅದನ್ನ ನಂಬ್ತೀಯಲ್ಲೋ ಮೇಷ್ಟ್ರೆ" ಎಂದು ನನ್ನ ವಿದ್ಯೆಗೆ ಮಂಗಳಾರತಿ ಮಾಡಿ ಕಳಿಸಿದಳು.

ಆಮೇಲೆ ನಡೆದದ್ದನ್ನು ಕೇಳು. ಬೆಳಿಗ್ಗೆ ಹೊಗೆ ಕುಡಿಯುತ್ತ ಟಾರು ಕಲಕುವಳು, ಏನೂ ಇಲ್ಲ. ಬಿಸಿಲು ಏರಿದಂತೆ ಮುಖಕ್ಕೆ ಮೆಣಸಿನಕಾಯಿ ಅರೆದು ಮೆತ್ತಿದ ಹಾಗೆ ಉರಿ. ಹುಣಸೆಮರದ ನೆರಳಿಗೆ ಬಂದರೆ ಉರಿ ತಗ್ಗುವುದು, ಹೊರಗೆ ಕಾಲಿಟ್ಟರೆ ಮತ್ತೆ ಕಚ್ಚುವುದು. ಕಡೆಗೆ ಕೆನ್ನೆ, ಕತ್ತು, ಮೊಣಕೈಯಲ್ಲೆಲ್ಲ ಕೆಂಪಾಗಿ ಬೊಬ್ಬೆ ಎದ್ದವು. ನಮ್ಮೂರಿನಲ್ಲಿ ಬೊಬ್ಬೆ ಎದ್ದಮೇಲೆ ಬೇರೆ ವಿಚಾರಣೆ ಉಂಟೆ? ಪಕ್ಕದ ಮನೆಯ ದೊಡ್ಡಗಂಗಮ್ಮ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಳು: "ಅಮ್ಮೋರು ಬಂದವಳೆ. ಯಾರೂ ಒಳಕ್ಕೆ ಹೋಗಬ್ಯಾಡಿ." ಬೇವಿನ ಸೊಪ್ಪು ಹಾಸಿದರು, ಕಿಟಕಿಗೆ ಗೋಣಿ ಕಟ್ಟಿದರು, ನಿಮ್ಮಮ್ಮನನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿದರು. ಉರಿ ಇಳಿಯಿತು, ಬೊಬ್ಬೆ ಒಣಗಿತು. ಬೇವಿನ ನೀರು ಹುಯ್ದು ಅಮ್ಮೋರನ್ನು ಕಳಿಸಿಕೊಟ್ಟರು. ಕಳಿಸಿದ ಮಾರನೆಯ ದಿನವೇ ನಿಮ್ಮಮ್ಮ ಮತ್ತೆ ಪೀಪಾಯಿಯ ಮುಂದೆ!

ಅಮ್ಮೋರೂ ಮತ್ತೆ ಬಂದಳು. ಮತ್ತೆ ಕೋಣೆ, ಮತ್ತೆ ಬೇವು, ಮತ್ತೆ ವಾಸಿ, ಮತ್ತೆ ಟಾರು. ಹೀಗೆ ಹೋಗುವುದು ಬರುವುದು ಮಾಡುವ ದೇವತೆಯನ್ನು ನಾವು ಕೇಳಿರಲಿಲ್ಲ. ದೊಡ್ಡಗಂಗಮ್ಮ ಯೋಚಿಸಿ, "ಅಮ್ಮೋರು ಮುನಿಸ್ಕೊಂಡವಳೆ. ನೆತ್ತಿ ಮೇಲೆ ಸೂರ್ಯ ಇದ್ದಾಗ ಒದ್ದೆ ಸೀರೇಲಿ ಗಂಗಮ್ಮನ ಗುಡಿ ಸುತ್ತಬೇಕು, ಕಣ್ಣು ಮುಚ್ಚದಂಗೆ ನಿಂತು ಬೇಡ್ಕೋಬೇಕು" ಎಂದಳು. ಕೆಟ್ಟ ಬುದ್ಧಿಯಿಂದ ಹೇಳಿದ್ದಲ್ಲ ಕಣಯ್ಯ. ನಿಮ್ಮಮ್ಮ ಹಿಂದಿನ ದಿನವೆಲ್ಲ ಟಾರಿನ ಹೊಗೆಯಲ್ಲಿ ನಿಂತಿದ್ದವಳು. ಮೈಮೇಲೆ ನೀರು ಸುರಿದುಕೊಂಡಳು. ನೀರಿಗೆ ಹೋಗುವುದಕ್ಕೆ ಟಾರು ಏನು ಕುಂಕುಮವೆ? ಅದನ್ನು ಮುಖಕ್ಕೂ ಕಣ್ಣಿಗೂ ಅಂಟಿಸಿಕೊಂಡೇ ಮೇ ತಿಂಗಳ ಬಿಸಿಲಿನಲ್ಲಿ ಗುಡಿ ಸುತ್ತಿ, ಕಣ್ಣು ಬಿಟ್ಟುಕೊಂಡು ನಿಂತಳು. ಬೇಡಿಕೊಂಡದ್ದು ತನ್ನ ಬೊಬ್ಬೆ ಹೋಗಲೆಂದಲ್ಲ. ನಿನ್ನ ಹೆಸರು ಹೇಳುತ್ತಿದ್ದಳು. ಸಂಜೆಗೆ ಕಣ್ಣಿನ ರೆಪ್ಪೆಗಳು ಊದಿ ಒಂದಕ್ಕೊಂದು ಹತ್ತಿಕೊಂಡವು. ಅವಳು ಕಿರುಚಿದ್ದು ಏರಿಯ ಆಚೆಗೂ ಕೇಳಿಸಿತು.

ಗಾಡಿ ಕಟ್ಟಿ ಕೋಲಾರದ ಆಸ್ಪತ್ರೆಗೆ ಹಾಕಿಕೊಂಡು ಹೋದೆ. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು. ಬೈಯಲಿಲ್ಲ. ನನ್ನನ್ನು ಕೂರಿಸಿ ಒಂದು ಚೀಟಿಯ ಹಿಂದೆ ಜೇನುಗೂಡಿನ ಮೂರು ಕಣ್ಣುಗಳನ್ನು ಸಾಲಾಗಿ ಬರೆದರು. "ಮೇಷ್ಟ್ರೆ, ಇದರ ಹೆಸರು ಆಂಥ್ರಸೀನ್. ಟಾರಿನಲ್ಲಿ ಇದೂ ಇದೆ, ಇದರ ನಂಟರಿಷ್ಟರೂ ಇದ್ದಾರೆ. ಬರೀ ಇಂಗಾಲ, ಜಲಜನಕ, ಇಷ್ಟೇ. ಕತ್ತಲಲ್ಲಿ ಮಲಗಿರ್ತದೆ. ಬಿಸಿಲು ಬಿದ್ದರೆ ಅದನ್ನ ನುಂಗಿಕೊಂಡು ಎದ್ದು ಕೂತುಬಿಡ್ತದೆ. ನುಂಗಿದ್ದನ್ನ ಅರಗಿಸಿಕೊಳ್ಳೋಕಾಗಲ್ಲ, ಅಂಟಿಕೊಂಡಿರೋ ಚರ್ಮದ ಮೇಲೆ ಕಾರಿಕೊಳ್ತದೆ. ಬಿಸಿಲೊಂದೇ ಆಗಿದ್ರೆ ಇಷ್ಟು ಸುಡ್ತಿರಲಿಲ್ಲ, ಟಾರೊಂದೇ ಆಗಿದ್ರೂ ಇಷ್ಟು ಸುಡ್ತಿರಲಿಲ್ಲ" ಎಂದರು. ಇದೇ ಆಂಥ್ರಸೀನಿನಿಂದ ಸೀರೆಗೆ ಹಾಕುವ ಕೆಂಪು ಬಣ್ಣ ಮಾಡುತ್ತಾರಂತೆ. ಟಾರನ್ನೇ ಮುಲಾಮು ಮಾಡಿ, ಹೊಟ್ಟು ಉದುರುವ ಚರ್ಮರೋಗಕ್ಕೆ ತೆಳ್ಳಗೆ ಸವರಿ, ಅಳೆದು ಅಳೆದು ಬೆಳಕು ತೋರಿಸಿ ವಾಸಿ ಮಾಡುತ್ತಾರಂತೆ. ನಮ್ಮ ದೊಡ್ಡಗಂಗಮ್ಮನ ಕತ್ತಲೆ ಕೋಣೆ ಸರಿಯಾದ ಔಷಧವೇ ಆಗಿತ್ತು ನೋಡು. ಕೆಡಿಸಿದ್ದು ಹರಕೆ.

ಹಿಂದಿರುಗಿದವನೇ ಕಂಟ್ರಾಕ್ಟರನ ಬಳಿಗೆ ಹೋಗಿ ಮೂರು ಕಣ್ಣಿನ ಚಿತ್ರ ತೋರಿಸಿ ಉಪನ್ಯಾಸ ಬಿಗಿದೆ. ಟಾರಿನ ಕೆಲಸವನ್ನು ಬಿಸಿಲು ಇಳಿದ ಮೇಲೆ ಇಡು ಎಂದೆ. "ಏನ್ ಮೇಷ್ಟ್ರೆ, ಸೂರ್ಯನಿಗೂ ರಜಾ ಚೀಟಿ ಬರ್ಕೊಡ್ತೀರಾ?" ಎಂದು ನಕ್ಕ. ನಾನೂ ನಗಿಸುವ ಚಾಳಿಯವನಲ್ಲವೆ, ಒಳ್ಳೆಯ ಹಾಸ್ಯವೆಂದು ಒಪ್ಪಿಕೊಂಡೆ. ಆದರೆ ನಗು ಬರಲಿಲ್ಲ. ನಿಮ್ಮಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಬೇರೊಬ್ಬಳು ನಿಂತಿದ್ದಾಳೆ. ಅವಳ ಮೂಗಿನ ಮೇಲೆ ಆಗಲೇ ಕೆಂಪು ಎದ್ದಿದೆ. ಅವಳ ಮನೆಗೂ ಹೋಗಿ ಹೇಳಿದೆ. ಅವಳ ಗಂಡ ಬೇವು ತರಲು ಹೊರಟ.

ನಿಮ್ಮಮ್ಮ ಈಗ ಗೋಣಿ ಕಟ್ಟಿದ ಆ ಕೋಣೆಯಲ್ಲೇ ಇದ್ದಾಳೆ. ನಿಮ್ಮತ್ತೆ ಆದಿಲಕ್ಷ್ಮಿ ಹೊತ್ತು ಹೊತ್ತಿಗೆ ಉಣ್ಣಿಸುತ್ತಾಳೆ. ಬಾಯಿಗೆ ಏನೂ ಆಗಿಲ್ಲ, ನಿನ್ನೆ ಸಾರಿಗೆ ಉಪ್ಪಿಲ್ಲವೆಂದು ನಮ್ಮಿಬ್ಬರ ವಂಶವನ್ನೂ ಜಾಲಾಡಿದಳು. ನೀನು ಚಿಂತೆ ಮಾಡಬೇಡ. ಮೇಲಧಿಕಾರಿಗಳ ಮಾತು ಕೇಳು. ನಮ್ಮ ಗುಡಿಯ ಗಂಗಮ್ಮ ತಾಯಿ ನಿನ್ನನ್ನು ಕಾಪಾಡಲಿ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಇಂತು ನಿನ್ನ ಸೋದರಮಾವ,
ಶ್ರೀನಿವಾಸಪ್ಪ

ಮರೆತ ಮಾತು: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿಮ್ಮಮ್ಮನ ಬಲಗಣ್ಣು ಹೋಯಿತು. ಎಡಗಣ್ಣಿನ ಮೇಲೂ ಬಿಳಿ ಪೊರೆ ಏರುತ್ತಿದೆ, ಅದೂ ಬಹಳ ಕಾಲ ನಿಲ್ಲುವುದಿಲ್ಲ ಎಂದು ಡಾಕ್ಟರು ನನಗೊಬ್ಬನಿಗೇ ಹೇಳಿದ್ದಾರೆ. ಹಗಲ ಬೆಳಕು ತಾಕಿದರೆ ಕೆಡುತ್ತದೆಂದು ಮುಸ್ಸಂಜೆಯಲ್ಲಿ ಮಾತ್ರ ಆ ಕಣ್ಣನ್ನು ಸ್ವಲ್ಪ ಬಿಡುತ್ತಾಳೆ, ಆಗ ಮುಖದ ಗುರುತು ಹತ್ತುತ್ತದೆ. ಹೇಗಾದರೂ ರಜಾ ಕೇಳು. ಸಿಕ್ಕರೆ ಒಂದು ಉಪಕಾರ ಮಾಡು: ಕೋಲಾರದಲ್ಲಿ ಬೆಳಗಿನ ಬಸ್ಸು ಹತ್ತಬೇಡ, ಕಾದಿದ್ದು ಸಂಜೆಯ ಬಸ್ಸಿಗೆ ಬಾ. ಹಗಲು ಬಂದೆಯೋ, ನಾವು ಯಾರು ಹಿಡಿದರೂ ಕೇಳದೆ ಅವಳು ಕಣ್ಣು ಬಿಟ್ಟು ನಿನ್ನನ್ನು ನೋಡಿಬಿಡುತ್ತಾಳೆ.