ಅಮರೇಶನಿಗೆ ತಿಳಿಸಿ ಹೇಳಿದ್ದು

ನವೆಂಬರ್ ೧೪, ಗುರುವಾರ

ತಮ್ಮನಿಗೆ ಬುದ್ಧಿ ಹೇಳಲು ಹೋಗಿ ನಾನೇ ಕೆಡಿಸಿಬಿಟ್ಟೆ.

ತಾರಿಹಾಳದ ವರ್ಕ್‌ಶಾಪಿನ ಪಗಾರವನ್ನೆಲ್ಲ ಅಮರೇಶ ಆನ್‌ಲೈನ್ ಕ್ಯಾಸಿನೋಗೆ ಸುರಿಯುತ್ತಿದ್ದಾನೆ. ಲಿಂಕ್ ಕಳಿಸಿ ಅವನನ್ನು ಸೇರಿಸಿದವನು ಗೆಳೆಯ ಶಿವಯೋಗೀಶ. ಇವತ್ತು ಊಟಕ್ಕೆ ಕೂತಾಗ ಆ ಕಂಪನಿಯ ಕಮಿಷನ್ ಷರತ್ತುಗಳನ್ನು ಅವನಿಗೆ ಓದಿ ಹೇಳಿದೆ: ನೀನು ಸೋತ ದುಡ್ಡಿನಲ್ಲಿ ಶಿವಯೋಗೀಶನಿಗೆ ಪಾಲು. ನೀನು ಗೆದ್ದರೆ ಅವನ ಕಮಿಷನ್ ಖಾತೆ ಮೈನಸ್. ಆದರೆ ತಿಂಗಳು ಮುಗಿದರೆ ಆ ಮೈನಸ್ ಅಳಿಸಿ, ಮತ್ತೆ ಸೊನ್ನೆಯಿಂದ ಶುರು. ಸೋತವನ ನಷ್ಟ ಅಳಿಸುವ ಅಂಥ ಷರತ್ತು ಒಂದೂ ಇಲ್ಲ.

ಅಮರೇಶ ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡ. ನಾನು ಗೆದ್ದೆ ಅಂದುಕೊಂಡೆ.

"ಅಂದ್ರ ಅವನ ಕೈಯಿಂದ ಏನೂ ಹೋಗಂಗಿಲ್ಲ?"

"ಏನೂ ಇಲ್ಲ. ಹೋಗೋದೆಲ್ಲಾ ನಿಂದ."

"ಹಂಗಾದ್ರ ಆಡಾವನಽ ಹುಚ್ಚ, ಬಿಡಕ್ಕಾ. ನಾಳಿಂದ ನಾನೂ ಲಿಂಕ್ ಕಳಸ್ತೇನಿ. ನಿಮ್ಮ ಸಂಘದ ವಾಟ್ಸಾಪ್ ಗ್ರೂಪಿನ್ಯಾಗ ಎಷ್ಟ ಮಂದಿ ಅದಾರ?"

ನಗುತ್ತ ಕೇಳಿದ. ತಮಾಷೆಗಲ್ಲ.

ಅನ್ಯಾಯವನ್ನು ಅರ್ಥ ಮಾಡಿಸಿದರೆ ಸಾಕು, ಜನ ಅದರ ಎದುರು ನಿಲ್ಲುತ್ತಾರೆ ಎಂದು ನಮ್ಮ ಸಂಘದ ಎಷ್ಟೋ ಕರಪತ್ರಗಳಲ್ಲಿ ಓದಿ ನಂಬಿದ್ದೆ. ಅವನಿಗೆ ಪೂರ್ತಿ ಅರ್ಥವಾಗಿದೆ. ಈಗ ಹೊರಗೆ ಕಟ್ಟೆಯ ಮೇಲೆ ಕೂತು ವರ್ಕ್‌ಶಾಪಿನ ಹುಡುಗರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ನಾನು ಹೇಳಿಕೊಟ್ಟಷ್ಟೇ ಸ್ಪಷ್ಟವಾಗಿ, ಆಟದಲ್ಲಿ ಗೆಲ್ಲುವ ಭಾಗವನ್ನು ಮಾತ್ರ ಹೇಳುತ್ತಿದ್ದಾನೆ.