ನಾನು ಸ್ವಾಗತ ಅನ್ನಲಿಲ್ಲ

ಹಮಾಉರಾ
ನವೆಂಬರ್ 9, ಭಾನುವಾರ ಬೆಳಿಗ್ಗೆ

ಶಿಗೆರು ಅವರಿಗೆ,

ಕಿನುಯೊ ಮಾಡುವ ನಮಸ್ಕಾರ. ಇಲ್ಲಿ ಕಡಲ ಗಾಳಿ ತಣ್ಣಗಾಗಿದೆ. ಹಿತ್ತಲಿನ ಕಾಕಿ ಮರ ಈ ಸಲವೂ ಒಗರು ಹಣ್ಣನ್ನೇ ಬಿಟ್ಟಿತು. ಸುಲಿದು ದಾರ ಕಟ್ಟಿ ಸೂರಿನ ಕೆಳಗೆ ಒಣಗಲು ನೇತು ಹಾಕಿದ್ದೇನೆ. ನನ್ನ ಆರೋಗ್ಯ ಪರವಾಗಿಲ್ಲ. ನಿಮ್ಮದು ಹೇಗಿದೆ ಎಂದು ಕೇಳುವುದಿಲ್ಲ, ಮಂಡಿ ನೋವೆಂದು ನೀವೇ ಬರೆದಿದ್ದೀರಿ.

ನಿಮ್ಮ ಪತ್ರ ಗುರುವಾರ ಬಂತು. ಅಂಚೆಯವನು ಬಾಗಿಲಲ್ಲೇ ನಿಂತು, "ಅಕ್ಕಾ, ಈ ಸಲ ಕಾರ್ಡಲ್ಲ, ಲಕೋಟೆ ಬಂದಿದೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಅವನ ತಪ್ಪೇನೂ ಇಲ್ಲ. ಇಪ್ಪತ್ತೊಂದು ವರ್ಷಗಳಿಂದ ನಿಮ್ಮಿಂದ ಬಂದದ್ದು ಹೊಸ ವರ್ಷದ ಕಾರ್ಡುಗಳು ಮಾತ್ರ. ಅಚ್ಚಾದ ಶುಭಾಶಯ, ಅದರ ಕೆಳಗೆ ನಿಮ್ಮ ಕೈಬರಹದಲ್ಲಿ ಒಂದೇ ಸಾಲು. 'ಹೋದ ವರ್ಷ ನಾಲ್ಕನೇ ಸ್ಥಾನ.' 'ಹೋದ ವರ್ಷ ಐದನೇ ಸ್ಥಾನ.' ಹೆಂಡತಿಗೆ ಬೇಸ್‌ಬಾಲ್ ಲೀಗಿನ ಪಟ್ಟಿ ಬರೆದು ಕಳಿಸುವ ಗಂಡ ಜಪಾನಿನಲ್ಲಿ ನೀವೊಬ್ಬರೇ ಇರಬೇಕು.

ಈ ಸಲ ಮೂರು ಸಾಲು ಬರೆದಿದ್ದೀರಿ, ಜೊತೆಗೆ ಪತ್ರಿಕೆಯ ತುಣುಕು. 'ಮಾಜಿ ತುತ್ತೂರಿಗಾರ್ತಿಯಿಂದ ಹದ್ದುಗಳಿಗೆ ಸ್ವಾಗತ' ಎಂದು ತಲೆಬರಹ, ಅದರಡಿಯಲ್ಲಿ ಕೈ ಎತ್ತಿ ಬಾಯಿ ತೆರೆದು ನಿಂತ ನನ್ನ ಚಿತ್ರ. ನೀವು ಕೇಳಿದ್ದು ಇಷ್ಟೇ: ತಂಡವನ್ನು ಕ್ಷಮಿಸಿದ್ದೀಯ ಎಂದು ಓದಿದೆ. ಅದು ಊರಿಗೆ ಮರಳುವಾಗ ನಾನೂ ಬರಲೇ? ಒಂದು ಮಾತು ಬರೆ.

ಮೊದಲು ಪತ್ರಿಕೆಯ ವಿಷಯ ಹೇಳುತ್ತೇನೆ. ಅವರು ಬರೆದದ್ದು ಸುಳ್ಳು. ನಾನು ಸ್ವಾಗತ ಅನ್ನಲಿಲ್ಲ. ಬೇಡ ಎನ್ನುವುದಕ್ಕೇ ಹೋಗಿದ್ದೆ.

ಈ ತಿಂಗಳ ಒಂದನೇ ತಾರೀಖು, ಶನಿವಾರ ಮಧ್ಯಾಹ್ನ ಪುರಭವನದಲ್ಲಿ ನಾಗರಿಕರ ಸಭೆಯಿತ್ತು. ಉತ್ತರದ ಆ ದೊಡ್ಡ ಊರು ನಮ್ಮ ಹದ್ದುಗಳ ತಂಡಕ್ಕೂ ಸಾಕಾಗಿದೆಯಂತೆ, ಹಳೆಯ ಮೈದಾನ ರಿಪೇರಿ ಮಾಡಿ ಕರೆದರೆ ಬರುತ್ತಾರಂತೆ. ಕರೆಯಬೇಕೋ ಬೇಡವೋ ಎಂದು ಊರವರನ್ನು ಕೇಳುವ ಸಭೆ. ನಾನು ಆ ದಿನ ನಮ್ಮ ಸಾರ್ವಜನಿಕ ಸ್ನಾನದ ಮನೆಗೆ ರಜಾ ಫಲಕ ಹಾಕಿ, ಹೇಳಬೇಕಾದದ್ದನ್ನು ಕಾಗದದಲ್ಲಿ ಬರೆದುಕೊಂಡು ಹೋದೆ. ಬರೆಯಲು ಮೂರು ದಿನ ಹಿಡಿಯಿತು.

ಕಾಗದದಲ್ಲಿ ಏನಿತ್ತೆಂದು ನಿಮಗೆ ಹೇಳಿಬಿಡುತ್ತೇನೆ, ಸಭೆಯಲ್ಲಂತೂ ಓದಲಾಗಲಿಲ್ಲ. ಆ ಕೊನೆಯ ಪಂದ್ಯದ ದಿನದ ಬಗ್ಗೆ ಬರೆದಿದ್ದೆ. ತಂಡ ಪಂದ್ಯ ಗೆದ್ದು, ನಮ್ಮ ಅಭಿಮಾನಿ ಬಳಗದವರೆಲ್ಲ ಎಂದಿನಂತೆ ನಮ್ಮಲ್ಲಿಗೆ ಸ್ನಾನಕ್ಕೆ ಬಂದಿದ್ದರಲ್ಲ. ಬಟ್ಟೆ ಬದಲಿಸುವ ಕೋಣೆಯ ಟಿವಿಯಲ್ಲಿ ಸುದ್ದಿ ಬಂತು, ತಂಡ ಊರು ಬಿಡುತ್ತದೆ ಎಂದು. ನೀರು ತೊಟ್ಟಿಕ್ಕುತ್ತ ನಲವತ್ತು ಗಂಡಸರು ಬತ್ತಲೆ ನಿಂತು ಅಳುತ್ತಿದ್ದರು. ಒಬ್ಬನಿಗೂ ಟವೆಲ್ ಸುತ್ತಿಕೊಳ್ಳುವ ಜ್ಞಾನವಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಿಂದ ಗಂಡಸರ ಕಡೆಗೂ ಹೆಂಗಸರ ಕಡೆಗೂ ಕಾಣುವ ಆ ಎತ್ತರದ ಕಾವಲು ಪೀಠದಲ್ಲಿ ಕೂತವಳು ನಾನು. ಮನುಷ್ಯರ ಮೈಯಲ್ಲಿ ನಾನು ನೋಡದ್ದಿಲ್ಲ ಅಂದುಕೊಂಡಿದ್ದೆ. ಅವತ್ತು ಮಾತ್ರ ಮುಖ ತಿರುಗಿಸಿದೆ.

ಎಲ್ಲರಿಗಿಂತ ಕೊನೆಗೆ ಅಲ್ಲಿಂದ ಕದಲಿದವರು ನೀವು. ಮಾರ್ಚಿನಲ್ಲಿ ಹೊರಟಿರಿ. ಹಡಗುಕಟ್ಟೆಯ ಕೆಲಸ ಬಿಟ್ಟು, ಬಳಗದ ಬಾವುಟ ಮಡಿಸಿಕೊಂಡು. "ಒಂದೇ ಸೀಸನ್ನು ಕಣೆ. ಅಲ್ಲಿಯವರಿಗೆ ಕೂಗೋದು ಹೇಗೆ ಅಂತ ಕಲಿಸಿಕೊಟ್ಟು ಬಂದ್ಬಿಡ್ತೀನಿ" ಎಂದಿರಿ. ನಾನು ಬುತ್ತಿ ಕಟ್ಟಿಕೊಟ್ಟೆ. ಒಂದು ಸೀಸನ್ನಿಗೆ ಜಗಳ ಏಕೆ ಅಂದುಕೊಂಡೆ.

ಸಭೆಯಲ್ಲಿ ಮೊದಲು ಮಾತಾಡಿದವರು ಸೆಗಾವಾ. ಬಂದರಿನ ಕ್ರೇನು ನಡೆಸುತ್ತಿದ್ದರಲ್ಲ, ಅವರೇ. ಈಗಲೂ ದಿನಾ ಮೂರು ಗಂಟೆಗೆ ಬಾಗಿಲು ತೆರೆಯುವ ಮೊದಲೇ ಬಂದು ನಿಲ್ಲುತ್ತಾರೆ. "ಹೋಗೋವಾಗ ಹೇಳ್ದೆ ಹೋದ್ರು. ಈಗ ಬರ್ತೀವಿ ಅಂದ ತಕ್ಷಣ ಬಾಯಿ ಬಿಟ್ಕೊಂಡು ಬಾಗಿಲಲ್ಲಿ ನಿಂತ್ಕೋಬೇಕಾ? ನಾವೇನು ಅವರ ಛತ್ರದ ಆಳುಗಳಾ?" ಎಂದು ಕುರ್ಚಿ ಬಡಿದರು. ಅರ್ಧ ಸಭೆ ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ. ನನ್ನ ಪಕ್ಕದಲ್ಲಿದ್ದ ಹೆಂಗಸು, "ಅಲ್ಲ ಮಾರಾಯ್ತಿ, ಬಂದ್ರೆ ಭಾನುವಾರ ಬೀದೀಲಿ ನಾಲ್ಕು ಜನಾನಾದ್ರೂ ಕಾಣಿಸ್ತಾರೆ, ಈಗ ಬೆಕ್ಕೂ ಇಲ್ಲ" ಎಂದಳು. ಅದೂ ನಿಜವೇ.

ನಂತರ ನನ್ನ ಹೆಸರು ಕರೆದರು. ಕಾಗದ ಬಿಡಿಸಿಕೊಂಡು ನಡುವಿನ ದಾರಿಯಲ್ಲಿ ನಡೆಯುತ್ತಿದ್ದೆ. ಹಳೆಯ ಬಳಗದವಳು ಬಂದಳೆಂದು ಗೌರವ ತೋರಿಸಲು ಸಂಘಟಕರು ಒಂದು ಏರ್ಪಾಡು ಮಾಡಿದ್ದರು. ಅಗ್ನಿಶಾಮಕ ದಳದ ವಾದ್ಯದವರು ವೇದಿಕೆಯ ಪಕ್ಕದಲ್ಲಿ ಎದ್ದು ನಿಂತರು. ನಾಗಾಯಾ ಎಂಬುವನು ತುತ್ತೂರಿ ಎತ್ತಿದ. ನಲವತ್ತು ದಾಟಿದವನು, ನಾನು ಊದುವುದನ್ನು ಎಂದೂ ಕೇಳಿದವನಲ್ಲ. ಊದಿದ್ದು ಆಟಗಾರ ತಾಚಿಬಾನಾನ ಹಾಡು.

ಅದನ್ನು ನಾನು ಎಲ್ಲಿ ಕಟ್ಟಿದ್ದೆಂದು ನಿಮಗೆ ಗೊತ್ತು. ನೀರು ಕಾಯಿಸುವ ಒಲೆಯ ಮುಂದೆ, ಸೌದೆ ನೂಕುತ್ತ. ಒಬ್ಬೊಬ್ಬ ಆಟಗಾರನಿಗೂ ನಮ್ಮ ಬಳಗ ಒಂದೊಂದು ಹಾಡು ಕಟ್ಟುತ್ತಿತ್ತು, ಅವನು ಬ್ಯಾಟು ಹಿಡಿದು ಬರುವಾಗ ಊದಲು. ಎಂಟನೆಯವನಾಗಿ ಬರುವ ಆ ಕುಳ್ಳ ತಾಚಿಬಾನಾನಿಗೆ ಯಾರೂ ಕಟ್ಟಿರಲಿಲ್ಲ. ಅವನಿಗೊಂದು ಅಭ್ಯಾಸವಿತ್ತು. ಬೂಟು ಕೊಡವಿ, ಪ್ಯಾಂಟು ಏರಿಸಿ, ಒಮ್ಮೆ ಆಕಾಶ ನೋಡಿ, ಆಮೇಲೆ ನಿಲ್ಲುತ್ತಿದ್ದ. ಅದಕ್ಕೇ ಎರಡು ಸ್ವರ ಗಿಡ್ಡ, ಮೂರನೆಯದು ಉದ್ದ. ಅವನು ಸಿದ್ಧನಾಗುವವರೆಗೆ ಆ ಸ್ವರ ಕಾಯಬೇಕು. ನಾನು ಅದನ್ನು ಹಿಡಿದಿರುವಷ್ಟು ಹೊತ್ತು ಡೋಲು ಬಾಯಿ ಮುಚ್ಚಿಕೊಂಡಿರಬೇಕು. ನಿಮಗೆ ಎಷ್ಟು ಸಲ ಹೇಳಿದ್ದೆ! ನಿಮಗೋ ಯಾವಾಗಲೂ ಅವಸರ. ನಾನು ಊದುತ್ತಲೇ ಕಣ್ಣು ಬಿಟ್ಟು ಗದರುತ್ತಿದ್ದೆ, ನೀವು ಎತ್ತಿದ ಕೋಲನ್ನು ಗಾಳಿಯಲ್ಲೇ ನಿಲ್ಲಿಸಿ ನಗುತ್ತಿದ್ದಿರಿ. ನನ್ನ ಜೀವನದಲ್ಲಿ ನಾನು ಸುಖವಾಗಿದ್ದ ಹೊತ್ತು ಯಾವುದೆಂದು ಯಾರಾದರೂ ಕೇಳಿದರೆ, ಆ ಉಸಿರಿನಷ್ಟು ಹೊತ್ತು ಎಂದು ಹೇಳುತ್ತೇನೆ.

ನಾಗಾಯಾ ಮೂರನೇ ಸ್ವರವನ್ನು ಹಿಡಿಯಲೇ ಇಲ್ಲ. ಎರಡರ ಹಾಗೆ ಮೂರನೆಯದನ್ನೂ ಕತ್ತರಿಸಿ ಎಸೆದ. ಪಕ್ಕದ ಡೋಲಿನವನು ಖಾಲಿ ಜಾಗದಲ್ಲೆಲ್ಲ ಬಡಿದು ತುಂಬಿಸಿದ. ಅವರ ತಪ್ಪಲ್ಲ, ಟಿವಿ ನೋಡಿ ಕಲಿತವರು. ಉತ್ತರದಲ್ಲಿ ಅದನ್ನು ಹಾಗೆಯೇ ಬಾರಿಸುತ್ತಾರೆ. ನೀವು ಊರು ಬಿಟ್ಟ ವರ್ಷವೇ, ಏಪ್ರಿಲಿನಲ್ಲಿ ನಾನು ರೇಡಿಯೊ ಹಾಕಿದಾಗಲೇ ನನಗೆ ಗೊತ್ತಾಗಿತ್ತು. ಹಾಡನ್ನು ಬೇರೆ ಯಾರೋ ಆಟಗಾರನಿಗೆ ಕೊಟ್ಟಿದ್ದಿರಿ, ಸ್ವರವನ್ನು ಕತ್ತರಿಸಿದ್ದಿರಿ. ಡೋಲು ಬಡಿಯುವ ಆ ಕೈ ಯಾರದೆಂದು ನನಗೆ ತಿಳಿಯದೇ? ರೇಡಿಯೊ ಆರಿಸಿಬಿಟ್ಟೆ. ಆರಿಸಿದ್ದು ಆ ದಿನ ಮಾತ್ರ. ಮರುದಿನ ಮತ್ತೆ ಹಾಕಿದೆ.

ಸಭೆಯಲ್ಲಿ ನನಗೆ ತಡೆಯಲಾಗಲಿಲ್ಲ. "ನಿಲ್ಸಿ! ಅದು ಹಂಗಲ್ಲ!" ಎಂದು ಕೂಗಿದೆ. ತುತ್ತೂರಿ ನನ್ನ ಕೈಗೇ ಕೊಡಲು ಬಂದರು. ಹೋದ ವರ್ಷದಿಂದ ಮೇಲಿನ ಹಲ್ಲುಗಳೆಲ್ಲ ಕಟ್ಟಿಸಿದವು, ಊದಿದರೆ ಹಲ್ಲಿನ ಸೆಟ್ಟೇ ಹೊರಗೆ ಹಾರುತ್ತದೆ. ಅದಕ್ಕೆ ಬಾಯಲ್ಲೇ ಹೇಳಿಕೊಟ್ಟೆ. ತಾಂ, ತಾಂ, ಆಮೇಲೆ ತಾ. ಡೋಲಿನವನು ಕೋಲು ಎತ್ತುವುದನ್ನು ನೋಡಿ ಕೈ ಎತ್ತಿ ತಡೆದೆ. ಪತ್ರಿಕೆಯ ಚಿತ್ರದಲ್ಲಿರುವ ಕೈ ಅದೇ. ಸ್ವಾಗತದ ಕೈಯಲ್ಲ, ಸುಮ್ಮನಿರು ಎನ್ನುವ ಕೈ.

ಅರವತ್ತಾರರ ಉಸಿರು ಎಷ್ಟಿರುತ್ತದೋ ಅಷ್ಟು ಹಿಡಿದೆ. ಮುನ್ನೂರು ಜನ ಮಿಸುಕದೆ ಕೂತಿದ್ದರು. ಉಸಿರು ಮುಗಿದು ಕೈ ಇಳಿಸಿದೆ ನೋಡಿ, ಇಡೀ ಸಭೆ ಚಪ್ಪಾಳೆಗೆ ಬಿತ್ತು. ಮೂರು, ಮೂರು, ಏಳು. ಮೈದಾನದ ಹಳೆಯ ಲೆಕ್ಕದಲ್ಲೇ, ಒಬ್ಬರೂ ತಪ್ಪದೆ. ಬೇಕು ಎಂದವರೂ ಬೇಡ ಎಂದವರೂ. ಸೆಗಾವಾ ಎದ್ದೇ ನಿಂತು ಬಡಿಯುತ್ತಿದ್ದರು. ಆಮೇಲೆ ಹೊರಗೆ ಸಿಕ್ಕಿದಾಗ, "ನಾನಲ್ಲಮ್ಮ, ಕೈ ತಾನಾಗೇ ಹೊಡ್ಕೊಂಡ್ತು" ಎಂದು ನೆಲ ನೋಡಿದರು.

ಸಂಘಟಕ ಮೈಕಿನಲ್ಲಿ, "ಕಿನುಯೊ ಅಕ್ಕ ಒಪ್ಪಿಬಿಟ್ರು! ಇನ್ನೇನು ಬೇಕ್ರೀ?" ಎಂದ. "ಒಪ್ಪಿಲ್ಲ ಕಣಪ್ಪ, ನಾನು ಬೇಡ ಅನ್ನೋಕೆ ಬಂದಿದ್ದು" ಎಂದು ನಾನು ಅಂದದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಕೈ ಎತ್ತಿಸಿದರು, ಬೇಕು ಎನ್ನುವವರು ಗೆದ್ದರು. ನನ್ನ ಕಾಗದ ಮಡಿಕೆ ಮಡಿಕೆಯಾಗಿ ಬೆವರಿಗೆ ಅಂಟಿಕೊಂಡು ಅಂಗೈಯಲ್ಲೇ ಉಳಿಯಿತು.

ನಡೆದದ್ದು ಇಷ್ಟು. ಇನ್ನು ನಿಮ್ಮ ಪ್ರಶ್ನೆ.

ಊರು ತಂಡವನ್ನು ಕರೆದರೆ ಕರೆಯಲಿ. ಊರಿಗೆ ಮೂರು ಲಕ್ಷ ಬಾಯಿ, ಒಬ್ಬರ ಸಿಟ್ಟು ಇನ್ನೊಬ್ಬರ ಸಂತೋಷದಲ್ಲಿ ಕರಗುತ್ತದೆ. ಮನೆಯಲ್ಲಿ ನಾನೊಬ್ಬಳೇ. ನನ್ನ ಸಿಟ್ಟನ್ನು ಹಂಚಿಕೊಳ್ಳುವವರಿಲ್ಲ. ಹದ್ದುಗಳು ನನ್ನ ಕೈಯಿಂದ ಬುತ್ತಿ ಕಟ್ಟಿಸಿಕೊಂಡು ಹೋಗಿರಲಿಲ್ಲ. ಅವುಗಳ ಜೊತೆ ನಿಮ್ಮನ್ನೂ ಸೇರಿಸಿ ಒಂದೇ ಚಪ್ಪಾಳೆಯಲ್ಲಿ ಒಳಗೆ ಕರೆದುಕೊಳ್ಳಲು ನನ್ನಿಂದಾಗದು.

ಕಾರ್ಡುಗಳು ಇಪ್ಪತ್ತು. ವರ್ಷಗಳು ಇಪ್ಪತ್ತೊಂದು. ಬಾರದಿದ್ದ ಆ ಒಂದು ಕಾರ್ಡು ನನ್ನಮ್ಮ ತೀರಿಕೊಂಡ ವರ್ಷದ್ದು. ಸೂತಕದ ಮನೆಗೆ ಶುಭಾಶಯ ಕಳಿಸಬಾರದು, ನೀವು ಕಳಿಸಲಿಲ್ಲ, ಸರಿಯೇ. ಆದರೆ ಅಮ್ಮ ಹೋದ ದಿನ ನೀವು ಬರಬಹುದಿತ್ತು. ತಂತಿ ಕಳಿಸಿದಿರಿ. ಆ ವಾರ ಮೂರು ಪಂದ್ಯ ಇತ್ತೆಂದು ನನಗೆ ಗೊತ್ತು, ಅಮ್ಮನ ಹಾಸಿಗೆಯ ಪಕ್ಕದಲ್ಲೇ ರೇಡಿಯೊ ಇತ್ತು. ಅಮ್ಮ ಕೊನೆಯ ಮಧ್ಯಾಹ್ನ ಡೋಲು ಕೇಳಿ, "ನಮ್ಮ ಶಿಗೆರು ಚೆನ್ನಾಗಿ ಹೊಡೀತಾನೆ, ಅಲ್ವೇನೇ?" ಎಂದಳು. ಇದನ್ನು ನಿಮಗೆ ಹೇಳಬಾರದು, ಹೇಳಿದರೆ ನೀವು ಸುಖಪಡುತ್ತೀರಿ ಎಂದು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಆ ವರ್ಷವೇ ನಿಮ್ಮ ತಂಡ ಮೊದಲ ಸ್ಥಾನಕ್ಕೆ ಬಂತು. ಆ ಒಂದು ಸಾಲನ್ನು ನೀವು ಬರೆಯಲಾಗಲಿಲ್ಲವಲ್ಲ ಎಂದು ನನಗೆ ಅಯ್ಯೋ ಅನಿಸಿತು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಈಗ ಹೆಂಗಸರ ಕಡೆ ದಿನಕ್ಕೆ ಐದಾರು ಜನ, ಗಂಡಸರ ಕಡೆ ಸೆಗಾವಾ ಮತ್ತು ಅವರಂಥ ಹತ್ತು ಜನ. ಬಾಗಿಲು ತೆರೆಯುವ ಮೊದಲು ತೊಟ್ಟಿಗೆ ನೀರು ತುಂಬುವಾಗ ಒಬ್ಬಳೇ ನಿಂತಿರುತ್ತೇನೆ. ಖಾಲಿ ಸ್ನಾನದ ಮನೆಯಲ್ಲಿ ಬಾಯಿ ತೆರೆದು ಮೂರನೇ ಸ್ವರ ಹೇಳಿದರೆ ಗೋಡೆ ಅದನ್ನು ತಿರುಗಿ ಹೇಳುತ್ತದೆ. ಗೋಡೆಗೆ ಅವಸರವಿಲ್ಲ. ಆದರೆ ಅದು ನಗುವುದಿಲ್ಲ.

ನೀವು ಬಿಟ್ಟುಹೋದದ್ದನ್ನೆಲ್ಲ ನಾನು ಆಗಲೇ ಆಚೆ ಹಾಕಿದೆ. ಅಂಗಿ, ಕೋಟು, ಗೋಡೆಯ ಚಿತ್ರಗಳು, ಒಂದನ್ನೂ ಇಟ್ಟುಕೊಂಡಿಲ್ಲ. ಹಾಗಾಗಿ ನಿಮ್ಮದೆಂಬುದು ಈ ಮನೆಯಲ್ಲಿ ಏನೂ ಉಳಿದಿಲ್ಲವೆಂದು ತಿಳಿದುಕೊಳ್ಳಿ. ಬಾ ಎಂದು ನಾನು ಬರೆಯುವುದಿಲ್ಲ. ಬೇಡ ಎಂದು ಬರೆಯಲು ಬೆಳಿಗ್ಗೆಯಿಂದ ಮೂರು ಹಾಳೆ ಹರಿದೆ. ಇದು ನಾಲ್ಕನೆಯದು, ಮನೆಯಲ್ಲಿ ಬೇರೆ ಹಾಳೆಯಿಲ್ಲ.

ಸ್ನಾನದ ಮನೆ ಮೂರು ಗಂಟೆಗೆ ತೆರೆಯುತ್ತದೆ, ಸೋಮವಾರ ರಜಾ. ಚಪ್ಪಲಿ ಬಿಟ್ಟು ಬಂದವರನ್ನು ನಮ್ಮ ಅಪ್ಪನ ಕಾಲದಿಂದ ಯಾರನ್ನೂ ವಾಪಸು ಕಳಿಸಿಲ್ಲ. ಮಂಡಿಗೆ ಬಿಸಿನೀರು ಒಳ್ಳೆಯದು.

ಹೆಚ್ಚು ಬರೆದೆ. ಗಾಳಿ ಜೋರಾಗಿದೆ, ಹಣ್ಣಿನ ದಾರ ಬಿಗಿ ಮಾಡಬೇಕು.

ಕಿನುಯೊ

ಮರೆತಿದ್ದೆ: ಬಾಗಿಲ ಬಳಿ ಚಪ್ಪಲಿ ಪೆಟ್ಟಿಗೆಗಳ ಸಾಲಿದೆಯಲ್ಲ, ಅದರಲ್ಲಿ ಎಂಟನೆಯದರ ಬೀಗದ ಕೈ, ಆ ಮರದ ಚೀಟಿ, ನೀವು ತೊಟ್ಟು ಹೋದ ಕೋಟಿನ ಜೇಬಿನಲ್ಲಿ ಹೋಗಿದೆ. ಮನೆಯವರಾಗಿದ್ದರೂ ನೀವು ಗಿರಾಕಿಯ ಹಾಗೆ ಅದೇ ಪೆಟ್ಟಿಗೆಯಲ್ಲಿ ಮರದ ಚಪ್ಪಲಿ ಇಡುತ್ತಿದ್ದಿರಿ. ತಾಚಿಬಾನಾನ ಸಂಖ್ಯೆ, ಗೆಲುವು ತರುತ್ತದೆ ಎಂದು ಬೂಟು ಹಾಕಿ, ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಮೈದಾನಕ್ಕೆ ಹೋಗುತ್ತಿದ್ದಿರಿ, ಹಾಗೆಯೇ ಊರೂ ಬಿಟ್ಟಿರಿ. ಬಡಗಿ ಎರಡು ಸಲ ಬಂದು ಬೇರೆ ಬೀಗಗಳನ್ನೆಲ್ಲ ಹೊಸದು ಮಾಡಿದ. ಅದೊಂದನ್ನು ಒಡೆಯಲೇ ಎಂದು ಕೇಳಿದ, ಬೇಡ ಎಂದೆ. ಇಷ್ಟು ವರ್ಷ ಗಿರಾಕಿಗಳಿಗೆ ಆ ಪೆಟ್ಟಿಗೆ ಕೆಟ್ಟಿದೆ ಎಂದೇ ಹೇಳುತ್ತ ಬಂದಿದ್ದೇನೆ. ಕೆಟ್ಟಿಲ್ಲ. ಚಪ್ಪಲಿ ಅದರೊಳಗೇ ಇದೆ. ಚೀಟಿ ತರುವುದನ್ನು ಮರೆಯಬೇಡಿ.