ಅಮ್ಮನ ಹೆಸರು ಅಚ್ಚಾದ ಕಾರ್ಡು

ಕಾಪು,
ಶುಕ್ರವಾರ, ಜುಲೈ ೨೫, ೨೦೨೫

ನನ್ನ ಪ್ರೀತಿಯ ತಿಲಕ್,

ಮೊದಲು ‘ಪ್ರೀತಿಯ ಗಂಡನಿಗೆ’ ಅಂತ ಬರೆದು ನೋಡಿದೆ. ಮದುವೆಯಾಗಿ ಮೂರು ತಿಂಗಳಾಗುತ್ತ ಬಂದರೂ ಆ ಪದ ಕಂಡರೆ ನನಗೆ ನಗು. ಕಾಗದ ಹರಿದು ಹೊಸದು ತೆಗೆದುಕೊಂಡೆ. ಹೇಗಿದ್ದೀರಿ? ಕೆಮ್ಮು ಬಿಟ್ಟಿತೇ? ಮಣಿಪಾಲದ ಲ್ಯಾಬಿನಲ್ಲಿ ಕುಳಿತು ಊರವರ ರಕ್ತವನ್ನೆಲ್ಲ ಪರೀಕ್ಷೆ ಮಾಡುವ ಮಗ ತನ್ನ ಗಂಟಲನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ ಅಂತ ಅತ್ತೆ ಫೋನಿನಲ್ಲಿ ದೂರು ಕೊಟ್ಟಿದ್ದಾರೆ. ಅತ್ತೆಯ ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡುತ್ತಿದ್ದೀರಿ ತಾನೇ? ನಾನು ಚೆನ್ನಾಗಿದ್ದೇನೆ. ನಿನ್ನೆ ಆಟಿ ಅಮಾವಾಸ್ಯೆಯ ಪಾಲೆ ಮರದ ಕಷಾಯ ಕುಡಿದೆ. ಅಪ್ಪ ಬೆಳಕು ಹರಿಯುವ ಮೊದಲೇ ಹೋಗಿ ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆ. ಆ ಕಹಿ ಇನ್ನೂ ನಾಲಿಗೆಯ ಬುಡದಲ್ಲಿ ಉಂಟು. ಒಂದು ವರ್ಷ ಯಾವ ರೋಗವೂ ಬರುವುದಿಲ್ಲವಂತೆ. ನಿಮ್ಮನ್ನು ನೋಡದೆ ಇರುವ ರೋಗಕ್ಕೆ ಮಾತ್ರ ಅದು ನಾಟಲಿಲ್ಲ.

ಮದುವೆಯಾದ ಮೊದಲ ಆಟಿ ತಿಂಗಳಿಡೀ ಹೆಂಡತಿ ತವರಿನಲ್ಲಿ, ಗಂಡ ಅವನ ಮನೆಯಲ್ಲಿ ಎಂಬ ನಿಯಮ ಮಾಡಿದವರಿಗೆ ಬಹುಶಃ ಮದುವೆಯೇ ಆಗಿರಲಿಲ್ಲ. ಕಾಪುವಿನಿಂದ ಬಜಗೋಳಿಗೆ ಐವತ್ತು ಕಿಲೋಮೀಟರ್. ಈ ಪತ್ರ ಅಷ್ಟು ದಾರಿ ನಡೆಯಲು ಮೂರು ದಿನ ತೆಗೆದುಕೊಳ್ಳುತ್ತದೆ ಅಂತ ಅಂಚೆ ಕಚೇರಿಯವರು ಹೇಳಿದರು. ಆದರೂ ಬರೆಯುತ್ತಿದ್ದೇನೆ. ಅತ್ತೆ ಮುಂಬಯಿಗೆ ಮಾವನಿಗೆ ಬರೆದ ಕಾಗದಗಳೆಲ್ಲ ಇನ್ನೂ ಟ್ರಂಕಿನಲ್ಲಿ ಉಂಟು, ನನಗೂ ಒಂದು ಬೇಕು ಅಂತ ಕೇಳಿದವರು ನೀವೇ. ಕನ್ನಡದಲ್ಲೇ ಬೇಕು, ಇಂಗ್ಲಿಷಿನಲ್ಲಿ ಬರೆದರೆ ಅದು ಇಮೇಲ್ ಆಗುತ್ತದೆ ಅಂತ ಷರತ್ತು ಬೇರೆ! ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳ ಒತ್ತಕ್ಷರಗಳನ್ನು ನೋಡಿ ನಗಬಾರದು. ಇನ್ನೊಂದು ಕಾರಣವೂ ಇದೆ. ನಮ್ಮ ಮನೆಯಲ್ಲಿ ಫೋನಿನಲ್ಲಿ ಮಾತಾಡಿದರೆ ಜಗಲಿಯಲ್ಲಿ ಬಲೆ ಹೆಣೆಯುವ ಅಪ್ಪನಿಗೂ ಕೇಳುತ್ತದೆ, ಅಡುಗೆಮನೆಯ ಅಮ್ಮನಿಗೂ ಕೇಳುತ್ತದೆ. ಇವತ್ತಿನ ಸುದ್ದಿಯೋ, ಪೂರ್ತಿ ಅಮ್ಮನದ್ದೇ.

ನಮ್ಮ ಸೆಮಿಸ್ಟರ್ ಶುರುವಾಯಿತು! ಗೇಟಿನ ಬೋರ್ಡಿನಲ್ಲಿ ‘ವಿಶ್ವವಿದ್ಯಾಲಯ’ ಅಂತ ದೊಡ್ಡದಾಗಿ ಬಂದಿದೆ, ಬಸ್ಸಿನ ಕಂಡಕ್ಟರ್ ಮಾತ್ರ ಇನ್ನೂ “ಕಾಲೇಜ್, ಕಾಲೇಜ್, ಯಾರುಂಟು ಇಳಿಲಿಕ್ಕೆ?” ಅಂತಲೇ ಕೂಗುತ್ತಾರೆ. ಜೆಸ್ವಿಟ್ ಫಾದರ್‌ಗಳ ಪದ್ಧತಿಯಂತೆ ಮೊದಲ ದಿನ ಪವಿತ್ರಾತ್ಮರ ಹೆಸರಿನಲ್ಲಿ ಚಾಪೆಲಿನಲ್ಲಿ ಬಲಿಪೂಜೆಯಾಯಿತು. ನಾನೂ ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ಎಲ್ಲರೂ ಪ್ರಾರ್ಥನೆ ಬಿಟ್ಟು ನನ್ನ ಹೊಸ ಕರಿಮಣಿಯನ್ನೇ ನೋಡುತ್ತಿದ್ದಾರೆ ಅಂತ ನನ್ನ ಭ್ರಮೆ. ಹೊಸ ಮಕ್ಕಳು ಎಲ್ಲಿಂದೆಲ್ಲ ಬಂದಿದ್ದಾರೆ ಗೊತ್ತೇ, ಒಬ್ಬಳು ಮಿಜೋರಾಂನಿಂದ. ಅವಳು ಪಾಠ ಮಾಡುವ ನನ್ನನ್ನೇ ಸೀನಿಯರ್ ಅಂತ ತಿಳಿದು ಕ್ಯಾಂಟೀನಿಗೆ ದಾರಿ ಕೇಳಿದಳು, ನಾನು ಅವಳ ಜೊತೆ ಹೋಗಿ ಬನ್ಸ್ ತಿಂದು ಬಂದೆ. ಮೂವತ್ತೊಂದಕ್ಕೆ ಸಂತ ಇಗ್ನೇಷಿಯಸರ ಹಬ್ಬ, ಅರ್ಧ ದಿನ ರಜೆ. ಆಗಸ್ಟ್ ಹದಿನಾಲ್ಕಕ್ಕೆ ರಕ್ತದಾನ ಶಿಬಿರ. ಮಣಿಪಾಲದಿಂದ ತಂಡ ಬರುತ್ತದಂತೆ, ದಯವಿಟ್ಟು ನಿಮ್ಮ ಹೆಸರು ಸೇರಿಸಿಕೊಳ್ಳಿ, ನಾನು ಎರಡು ಕೈಯಿಂದಲೂ ಕೊಡುತ್ತೇನೆ. ಇದೆಲ್ಲದರ ನಡುವೆ, ಆಗಸ್ಟ್ ಎರಡು, ಶನಿವಾರ, ನಮ್ಮ ‘ಆಟಿಡೊಂಜಿ ದಿನ’, ಹಿಂದಿನವರ ಆಟಿಯನ್ನು ನೆನೆಯುವ ಕಾರ್ಯಕ್ರಮ.

ನಡೆದದ್ದು ಹೀಗೆ. ಕಾರ್ಯಕ್ರಮಗಳನ್ನೆಲ್ಲ ನೋಡಿಕೊಳ್ಳುವ ಫಾದರ್ ಅಲೆಕ್ಸಾಂಡರ್ ಮೀಟಿಂಗಿನಲ್ಲಿ, “ಪ್ರತಿ ವರ್ಷ ಆಟಿಯ ಬಗ್ಗೆ ಭಾಷಣ ಮಾಡಿದವರನ್ನೇ ಕರೆದದ್ದಾಯಿತು. ಈ ಸಲ ಆಟಿಯ ಮಳೆ, ಹಸಿವಿನಲ್ಲಿ ಮನೆ ನಡೆಸಿದವರು ಯಾರಾದರೂ ಇದ್ದರೆ ಹೇಳಿ” ಅಂದರು. ನನ್ನ ಕೈ ನನ್ನನ್ನು ಕೇಳದೆ ಮೇಲೆ ಹೋಯಿತು. “ನನ್ನ ಅಮ್ಮ ಇದ್ದಾರೆ ಫಾದರ್!” ಅಷ್ಟೇ. ನಾಲ್ಕು ದಿನದಲ್ಲಿ ಕಾರ್ಡ್ ಅಚ್ಚಾಗಿ ಬಂತು. ‘ಮುಖ್ಯ ಅತಿಥಿ: ಶ್ರೀಮತಿ ಪುಷ್ಪಾವತಿ, ಮೀನು ವ್ಯಾಪಾರಸ್ಥರು, ಕಾಪು.’ ಅಮ್ಮನನ್ನು ಒಂದು ಮಾತು ಕೇಳಬೇಕಿತ್ತು ಅಂತ ನನಗೆ ಹೊಳೆದದ್ದು ಕಾರ್ಡ್ ಹಿಡಿದುಕೊಂಡು ಮನೆಯ ಮೆಟ್ಟಿಲು ಹತ್ತುವಾಗ. ನಿಮ್ಮ ಹೆಂಡತಿ ಹೀಗೇ, ನಿಮಗೆ ಗೊತ್ತುಂಟಲ್ಲ.

ಅಮ್ಮ ಕನ್ನಡಕ ಹಾಕಿ, ಅಕ್ಷರ ಅಕ್ಷರ ಕೂಡಿಸಿ ಓದಿದರು. ಕಾರ್ಡನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. “ಹೆಸರು ಹಾಕಿದರೆ ಆಯ್ತಾ? ಕರೆದದ್ದು ಯಾರು? ಮನೆಗೆ ಬಂದು ಕರೆಯದಿದ್ದರೆ ನಾನು ನನ್ನ ತಮ್ಮನ ಮದುವೆಗೂ ಹೋಗುತ್ತಿರಲಿಲ್ಲ. ನಿನ್ನ ಫಾದರಿಗೆ ಹೇಳು, ಶನಿವಾರ ಮಾರ್ಕೆಟ್ ಬಿಡಲಿಕ್ಕೆ ಆಗುವುದಿಲ್ಲ.” ಅಪ್ಪ ಬಲೆಯಿಂದ ತಲೆ ಎತ್ತದೆ, “ನನ್ನ ಹೆಸರು ಹಾಕಿದ್ದರೆ ನಾನು ಈಗಲೇ ಹೊರಡುತ್ತಿದ್ದೆ” ಅಂದರು. ನಾನು ನಕ್ಕೆ. ಅಮ್ಮ ನಗಲಿಲ್ಲ.

ತಿಲಕ್, ಮಾರ್ಕೆಟ್ ಬಿಡಲಿಕ್ಕೆ ಆಗುವುದಿಲ್ಲ ಎಂಬ ಆ ಮಾತು ನನಗೆ ಹೊಸದಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ಅಮ್ಮ ಮಾರ್ಕೆಟ್‌ನಿಂದ ನೇರ ಬಂದಿದ್ದರು, ಬುಟ್ಟಿ ಗೇಟಿನ ಹತ್ತಿರ ಇಟ್ಟು. ನನಗೆ ಇಂಗ್ಲಿಷ್ ಪದ್ಯ ಹೇಳಿದ್ದಕ್ಕೆ ಮೊದಲ ಬಹುಮಾನ. ನನ್ನ ಕ್ಲಾಸಿನ ಹುಡುಗಿಯರು ಅಮ್ಮನ ಪಕ್ಕದ ಕುರ್ಚಿಗಳಿಂದ ಎದ್ದು ಮೂಗಿಗೆ ಕರ್ಚೀಫ್ ಹಿಡಿದು ನನ್ನನ್ನು ನೋಡಿದರು. ಮನೆಗೆ ಬಂದು ನಾನು ಹೇಳಿದೆ, “ಇನ್ನು ನೀನು ಬರುವುದು ಬೇಡ. ಅಪ್ಪ ಬರಲಿ.” ಅಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಆಮೇಲೆ ಬರಲೂ ಇಲ್ಲ. ಹತ್ತನೇ ಕ್ಲಾಸಿನ ಸನ್ಮಾನಕ್ಕೂ ಇಲ್ಲ, ಎಂ.ಎ. ಪದವಿ ಪ್ರದಾನಕ್ಕೂ ಇಲ್ಲ. ಪ್ರತಿ ಸಲವೂ ಮಾರ್ಕೆಟ್. ಫೀಸು ಕಟ್ಟಿದ್ದೆಲ್ಲ ಅದೇ ಬುಟ್ಟಿ. ಇದನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ. ನಿಮಗೆ ಎದುರಿನಲ್ಲಿ ಹೇಳಲೂ ಧೈರ್ಯವಿರಲಿಲ್ಲ, ಕಾಗದಕ್ಕೆ ಅದೊಂದು ಉಪಕಾರ ಉಂಟು. ಆ ಕಾರ್ಡಿನಲ್ಲಿ ಅಮ್ಮನ ಹೆಸರು ಕಂಡಾಗ ನನಗೆ ಯಾಕೆ ಅಷ್ಟು ಹುಚ್ಚು ಸಂತೋಷವಾಯಿತು ಅಂತ ಈಗ ತಿಳಿಯಿತಲ್ಲ? ಅಮ್ಮ ಒಂದೇ ಒಂದು ಸಲ, ನಾನು ನಿಂತಿರುವ ಸಭಾಂಗಣದೊಳಗೆ ನಡೆದು ಬರಬೇಕು. ಅಷ್ಟೇ ನನ್ನ ಆಸೆ.

ಮರುದಿನ ಅಳುಮುಖ ಮಾಡಿಕೊಂಡು ಫಾದರಿಗೆ ಹೇಳಿದೆ, ಕರ್ಚೀಫಿನ ಕಥೆ ಬಿಟ್ಟು. “ನಿಮ್ಮ ಅಮ್ಮ ಹೇಳಿದ್ದು ಸರಿ, ತಪ್ಪು ನಮ್ಮದು” ಅಂದರು. ಮೊನ್ನೆ ಬುಧವಾರ, ಆ ಮಳೆಯಲ್ಲಿ, ಒಬ್ಬರೇ ಕಾಪು ಮಾರ್ಕೆಟ್ಟಿಗೆ ಹೋಗಿದ್ದಾರೆ! ಮುಂದಿನದ್ದನ್ನು ಅಮ್ಮ ಊಟದ ಹೊತ್ತಿಗೆ ಮೂರು ಸಲ ಅಭಿನಯಿಸಿ ತೋರಿಸಿದರು. ಪ್ಯಾಂಟ್ ಶರ್ಟ್, ರಬ್ಬರ್ ಚಪ್ಪಲಿಯ ಮನುಷ್ಯ. ಅಮ್ಮ ಗಿರಾಕಿ ಅಂತಲೇ ತಿಳಿದು, “ಎಂತ ಬೇಕು ಮಾರಾಯ್ರೇ? ಬಂಗುಡೆ ಐಸಿನದ್ದು, ಮೊದಲೇ ಹೇಳ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ” ಅಂದರಂತೆ. ಫಾದರ್ ಕೊಡೆ ಮಡಚಿ, “ಮೀನು ಬೇಡಮ್ಮ, ನೀವು ಬೇಕು” ಅಂದದ್ದೇ ತಡ, ಸಾಲಿನ ಹೆಂಗಸರೆಲ್ಲ ಹೋ ಅಂತ ನಕ್ಕು, “ಹೋಗು ಪುಷ್ಪಕ್ಕ, ವಾಸಣ್ಣನಿಗೆ ನಾವು ಹೇಳ್ತೇವೆ!” ಅಪ್ಪನಿಗೆ ಆ ಭಾಗ ಮೂರು ಸಲವೂ ಅಷ್ಟೇನೂ ಹಿಡಿಸಲಿಲ್ಲ.

ಫಾದರ್ ಎರಡೂ ಕೈಯಲ್ಲಿ ಕಾರ್ಡ್ ನೀಡಿದರಂತೆ. ಅಮ್ಮ ಬಕೆಟಿನ ನೀರಿನಲ್ಲಿ ಎರಡು ಸಲ ಕೈ ತೊಳೆದರೂ ಮುಟ್ಟಲಿಲ್ಲ. “ಮೀನಿನ ಕೈ, ಕಾರ್ಡಿಗೆ ವಾಸನೆ ಹಿಡಿಯುತ್ತದೆ ಫಾದರ್.” ಅವರು ಕೈ ಹಿಂದೆ ತೆಗೆಯದೆ, “ನನ್ನ ಅಮ್ಮ ಹೂಡೆಯ ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕಿ ಮಾರುತ್ತಿದ್ದರು. ನನ್ನ ಪುಸ್ತಕಗಳಿಗೆಲ್ಲ ಇದೇ ವಾಸನೆ ಇತ್ತು” ಅಂದರಂತೆ. ಅಮ್ಮ ಕಾರ್ಡ್ ತೆಗೆದುಕೊಂಡರು. ಬದಲಿಗೆ ಅವರಿಗೆ ಬಂಗುಡೆ ಕೊಡಲಿಲ್ಲ, ಐಸಿನದ್ದನ್ನು ಕೊಟ್ಟು ಕಳಿಸುವುದು ಮರ್ಯಾದೆಯಲ್ಲವಂತೆ. ಕಾರ್ಡು ಈಗ ದೇವರ ಪಟದ ಪಕ್ಕದಲ್ಲಿ ಉಂಟು, ಅದರ ಮೇಲೊಂದು ಹೆಬ್ಬೆಟ್ಟಿನ ಒದ್ದೆ ಗುರುತು. ನಾನು ತಂದ ಕಾರ್ಡು ಕ್ಯಾಲೆಂಡರಿನ ಹಿಂದೆಯೇ ಕೊಳೆಯುತ್ತಿದೆ!

ಈಗ ಮನೆಯಲ್ಲಿ ಭಾಷಣದ ತಯಾರಿ. ತುಳುವಿನಲ್ಲೇ ಮಾತಾಡುವುದಂತೆ, ನಾನು ತಿದ್ದಲಿಕ್ಕೆ ಹೋದರೆ “ನೀನು ಇಂಗ್ಲಿಷಿನವಳು, ಸುಮ್ಮನಿರು.” ಅತ್ತೆಯನ್ನು ಖಂಡಿತ ಕರೆದುಕೊಂಡು ಬನ್ನಿ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿಗೆ ನಾನೇ ಹೆಸರು ಅಂಟಿಸಿದ್ದೇನೆ. ಕಷಾಯ ಕುಡಿಯಿರಿ, ಗಂಟಲಿಗೆ ಮಫ್ಲರ್ ಸುತ್ತಿಕೊಳ್ಳಿ. ಆಗಸ್ಟ್ ಹದಿನೇಳಕ್ಕೆ ಆಟಿ ಮುಗಿದು ಸೋಣ ತಿಂಗಳು ಹುಟ್ಟುತ್ತದೆ, ಅವತ್ತು ಬೆಳಗಿನ ಮೊದಲ ಬಸ್ಸಿಗೆ ನಾನು ಚೀಲ ಹಿಡಿದು ನಿಂತಿರುತ್ತೇನೆ. ಅತ್ತೆಯ ಕಾಲಿಗೆ ನನ್ನ ನಮಸ್ಕಾರ. ಅಪ್ಪ ಅಮ್ಮನ ಆಶೀರ್ವಾದ ನಿಮಗೆ, ನನ್ನದು ಉಳಿದದ್ದೆಲ್ಲ.

ನಿಮ್ಮವಳೇ ಆದ
ಹರ್ಷಿಣಿ

ಮರೆತೆ, ಮರೆತೆ, ಮುಖ್ಯವಾದದ್ದೇ ಬಾಕಿ! ಅಮ್ಮ ಈಗ ತಾನೇ ಹೇಳಿದರು: “ಆಟಿ ಅಂದರೆ ಎಲ್ಲರೂ ಪತ್ರೊಡೆ ಪತ್ರೊಡೆ ಅಂತಾರೆ. ದೋಣಿ ದಡದಲ್ಲಿರುವ ಈ ದಿನಗಳಲ್ಲಿ ನಮ್ಮನ್ನು ಬದುಕಿಸಿದ್ದು ಒಣಮೀನು. ಬುಟ್ಟಿ ಇಲ್ಲದೆ ನಾನು ಹೋಗುವುದಿಲ್ಲ.” ಒಣಮೀನಿನ ಬುಟ್ಟಿ ಕಂಡರೆ ಬಸ್ಸಿಗೆ ಹತ್ತಿಸುವುದಿಲ್ಲ. ಆದ್ದರಿಂದ ಶನಿವಾರ ಎಂಟಕ್ಕೆ ನೀವು ನಿಮ್ಮ ಹೊಸ ಕಾರಿನಲ್ಲಿ ಬಂದು ಅಮ್ಮನನ್ನು ಕರೆದುಕೊಂಡು ಹೋಗಬೇಕು. (ನಾನು ಬಸ್ಸಿನಲ್ಲಿ ಬರಬೇಕಂತೆ, ಆಟಿ ಅಲ್ವಾ!) ಕಾರ್ಕಳದಿಂದ ಬರುವಾಗ ನೆಲಕಡಲೆಯನ್ನೂ ನೀವು ನನ್ನನ್ನು ಹೊರಗೆ ನಿಲ್ಲಿಸಿ ತಿನ್ನಿಸಿದ ಕಾರು ಅದು, ನನಗೆ ನೆನಪುಂಟು. ಆದರೂ ಕೇಳುತ್ತಿದ್ದೇನೆ. ಬುಟ್ಟಿ ಡಿಕ್ಕಿಯಲ್ಲಿ ಬೇಡ, ಅಮ್ಮನ ಪಕ್ಕದ ಸೀಟಿನಲ್ಲಿ ಇಡಿ. ಕಿಟಕಿ ಮುಚ್ಚಿಯೇ ಇರಲಿ. ಮತ್ತೆ ಮುಂದೆ ನೇತುಹಾಕಿದ್ದೀರಲ್ಲ, ಆ ಮಲ್ಲಿಗೆ ಪರಿಮಳದ ಡಬ್ಬಿ, ಅದನ್ನು ಬಜಗೋಳಿಯಲ್ಲೇ ಬಿಚ್ಚಿಟ್ಟು ಬನ್ನಿ.